ಕವಳ ಬಿಡಲು ಹೊರಟವರಿಗೆ: ಬಿಡುವ ದಿನ ಹನ್ನೊಂದನೆಯ ದಿನ

ಶಿರಸಿ ಸೀಮೆಯಲ್ಲಿ ತಂಬಾಕಿನ ಕವಳ, ಅಂದರೆ ಎಲೆ, ಅಡಿಕೆ, ಸುಣ್ಣದ ಜೊತೆ ತಂಬಾಕು ಸೇರಿಸಿ ಜಗಿಯುವುದನ್ನು, ಬಿಡಲು ಹೊರಟವರು ಹೆಚ್ಚಾಗಿ ಒಂದೇ ಜಾಗದಲ್ಲಿ ಎಡವುತ್ತಾರೆ. ಬೆಳಿಗ್ಗೆ ದೇವರ ಮುಂದೆ ನಿಂತು ಆಣೆ ಹಾಕುತ್ತಾರೆ. ಬಟ್ಟಲಿನಲ್ಲಿದ್ದ ಎಲೆ, ಸುಣ್ಣ, ತಂಬಾಕನ್ನೆಲ್ಲ ಗೊಬ್ಬರದ ಗುಂಡಿಗೆ ಸುರಿಯುತ್ತಾರೆ. ಎರಡು ದಿನ ಮನೆಮಂದಿಯ ಮೇಲೆಲ್ಲ ಸಿಡುಕುತ್ತಾರೆ. ಮೂರನೆಯ ದಿನ ಸಂಜೆ ಯಾರೋ ನೆಂಟರು ಬಂದು ಜಗುಲಿಯಲ್ಲಿ ಕುಳಿತು "ಬನ್ನಿ ಭಾವ, ಒಂದು ಕವಳ ಹಾಕಿ" ಎನ್ನುತ್ತಾರೆ. ಅಲ್ಲಿಗೆ ಮುಗಿಯಿತು. ನಮ್ಮ ಅಪ್ಪಯ್ಯ ನಾಲ್ಕು ಸಲ ಹೀಗೆಯೇ ಸೋತರು. ಪ್ರತಿ ಸಲವೂ ಊರವರು ಹೇಳಿದ್ದು ಒಂದೇ ಮಾತು: ಮನಸ್ಸು ಗಟ್ಟಿ ಇಲ್ಲ.

ಆ ಮಾತನ್ನು ನಾನು ಒಪ್ಪುವುದಿಲ್ಲ. ಜಡಿಮಳೆಯಲ್ಲಿ ತೋಟಕ್ಕೆ ಕೊಳೆ ಔಷಧಿ ಹೊಡೆಸುತ್ತ ದಿನವಿಡೀ ನಿಲ್ಲುವವರಿಗೆ ಮನಸ್ಸಿನ ಗಟ್ಟಿತನ ಕಡಿಮೆ ಇರಲು ಸಾಧ್ಯವಿಲ್ಲ. ತಪ್ಪಿದ್ದು ಕ್ರಮ. ಆಣೆ ಮೊದಲು ಬಂದಿತ್ತು, ತಯಾರಿ ಬರಲೇ ಇಲ್ಲ. ಐದನೆಯ ಸಲ ನಾವು ಕ್ರಮವನ್ನು ತಿರುಗಿಸಿದೆವು: ಹತ್ತು ದಿನ ತಯಾರಿ, ಹನ್ನೊಂದನೆಯ ದಿನ ಬಿಡುವುದು. ಅದರ ವಿವರ ಇಲ್ಲಿದೆ. ಗುಟ್ಕಾ ತಿನ್ನುವವರಿಗೂ ಇದೇ ಕ್ರಮ ಸಾಕು.

ಬೇಕಾಗುವ ಸಾಮಾನು

ಅಂಗಿಯ ಜೇಬಿನಲ್ಲಿ ಹಿಡಿಸುವ ಚಿಕ್ಕ ಪುಸ್ತಕ, ಮೋಟು ಪೆನ್ಸಿಲ್, ಟಾರ್ಚ್, ಕನ್ನಡಿ, ಮುಚ್ಚಳ ಬಿಗಿಯಾಗಿರುವ ಪುಟ್ಟ ಡಬ್ಬಿ, ಒಳಗಿರುವುದು ಕಾಣುವಂಥ ಗಾಜಿನ ಭರಣಿ, ಗೋಡೆಯ ಕ್ಯಾಲೆಂಡರ್. ಇವುಗಳ ಜೊತೆ ಮನೆಯಲ್ಲಿ ಒಬ್ಬರು ಬೇಕು. ದಿನಕ್ಕೆ ಐದು ನಿಮಿಷ ಕೊಡುವವರು, ಬೈಯದೆ ಕೇಳುವವರು ಆಗಿರಬೇಕು. ನಮ್ಮಲ್ಲಿ ಆಯಿ (ಅಮ್ಮ) ಆ ಕೆಲಸ ವಹಿಸಿಕೊಂಡರು. ಹಾಗೆ ಯಾರೂ ಸಿಗದಿದ್ದರೆ ನೆರೆಮನೆಯವರನ್ನಾದರೂ ಕೇಳಿಕೊಳ್ಳಿ. ಒಬ್ಬರೇ ಮಾಡುವ ಹಟ ಬೇಡ.

ಹಂತ 1: ಮೊದಲು ಬಾಯಿ ನೋಡಿಕೊಳ್ಳಿ

ಕನ್ನಡಿಯ ಮುಂದೆ ಟಾರ್ಚ್ ಹಿಡಿದು ಬಾಯಿ ಪೂರ್ತಿ ತೆರೆಯಿರಿ. ನಿಮ್ಮದೇ ಕೈಯ ನಡುವಿನ ಮೂರು ಬೆರಳುಗಳನ್ನು ಒಂದರ ಮೇಲೊಂದು ಬರುವಂತೆ ಮೇಲಿನ ಮತ್ತು ಕೆಳಗಿನ ಮುಂಬಲ್ಲುಗಳ ನಡುವೆ ಇಟ್ಟು ನೋಡಿ. ಹಿಡಿಸದಿದ್ದರೆ ಬಾಯಿ ಬಿಗಿಯತೊಡಗಿದೆ ಎಂದು ತಿಳಿಯಿರಿ. ಕೆನ್ನೆಯ ಒಳಭಾಗ ಬಿಳಿಚಿಕೊಂಡು ಗಟ್ಟಿಯಾಗಿರುವುದು, ಸಾರಿನ ಖಾರ ತಾಗಿದರೂ ಉರಿಯುವುದು, ಒರೆಸಿದರೂ ಹೋಗದ ಬಿಳಿ ಅಥವಾ ಕೆಂಪು ಕಲೆ, ಎರಡು ವಾರ ಕಳೆದರೂ ಮಾಯದ ಹುಣ್ಣು, ನುಂಗುವಾಗ ನೋವು, ಕುತ್ತಿಗೆಯಲ್ಲಿ ಗಂಟು, ಇವುಗಳಲ್ಲಿ ಒಂದು ಕಂಡರೂ ಹತ್ತು ದಿನ ಕಾಯಬೇಡಿ. ದಂತವೈದ್ಯರ ಬಳಿ ಹೋಗಿ. ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂಬ ಈ ಬಿಗಿತ ಅಡಿಕೆಯಿಂದ ಬರುತ್ತದೆ. ಒಮ್ಮೆ ಬಿಗಿದದ್ದು ಮೊದಲಿನಂತೆ ಸಡಿಲವಾಗುವುದು ಕಷ್ಟ, ಕೆಲವರಲ್ಲಿ ಅದು ಕ್ಯಾನ್ಸರಿಗೂ ತಿರುಗುತ್ತದೆ.

ಇಲ್ಲಿಯೇ ಒಂದು ತಪ್ಪನ್ನು ತಿದ್ದಬೇಕು. "ತಂಬಾಕು ಮಾತ್ರ ಬಿಡುತ್ತೇನೆ, ಬರೀ ಎಲೆ ಅಡಿಕೆ ಇರಲಿ" ಎಂದು ಬಹಳ ಜನ ಹೊರಡುತ್ತಾರೆ. ಅಡಿಕೆ ತಾನಾಗಿಯೇ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಹೇಳಿದೆ. ಅದನ್ನು ಬದಿಗಿಟ್ಟರೂ ಉಪಾಯ ಫಲಿಸುವುದಿಲ್ಲ. ಇಷ್ಟು ವರ್ಷ ಎಲೆ ಸುಣ್ಣದ ರುಚಿ ಬಂದ ಬೆನ್ನಿಗೇ ತಂಬಾಕಿನ ಅಮಲು ಬಂದಿದೆ. ಈಗ ಆ ರುಚಿಯೇ ಅಮಲನ್ನು ಕರೆಯುತ್ತದೆ. ಬಿಡುವುದಾದರೆ ಎರಡನ್ನೂ ಬಿಡಿ. ಅಡಿಕೆ ಬೆಳೆಯುವವರು ಅಡಿಕೆ ಜಗಿಯಲೇಬೇಕೆಂಬ ಋಣವಿಲ್ಲ. ಶುಭಕಾರ್ಯದಲ್ಲಿ ವೀಳ್ಯ ಕೊಡಬಹುದು, ತೆಗೆದುಕೊಳ್ಳಬಹುದು. ಬಾಯಿಗೆ ಹಾಕಿಕೊಳ್ಳಬೇಕೆಂದು ಯಾವ ಶಾಸ್ತ್ರವೂ ಒತ್ತಾಯಿಸುವುದಿಲ್ಲ.

ಹಂತ 2: ಏಳು ದಿನ ಬರೆಯಿರಿ, ಒಂದನ್ನೂ ಕಡಿಮೆ ಮಾಡಬೇಡಿ

ಇಡೀ ಕೆಲಸದಲ್ಲಿ ಹೆಚ್ಚು ಫಲ ಕೊಡುವ ಹಂತ ಇದು. ಜನ ದಾಟಿ ಹೋಗುವುದೂ ಇದನ್ನೇ. ಪ್ರತಿ ಕವಳಕ್ಕೂ ಒಂದು ಸಾಲು ಬರೆಯಿರಿ: ಗಂಟೆ, ಜಾಗ, ಜೊತೆಯಲ್ಲಿದ್ದವರು, ಅದಕ್ಕೆ ಸ್ವಲ್ಪ ಮೊದಲು ಮಾಡುತ್ತಿದ್ದ ಕೆಲಸ, ಆಸೆಯ ಬಲ 1ರಿಂದ 5ರೊಳಗೆ ಎಷ್ಟು. ಬಾಯಿಗೆ ಹಾಕುವ ಮೊದಲೇ ಬರೆಯಬೇಕು. ರಾತ್ರಿ ಮಲಗುವಾಗ ನೆನಪಿನಿಂದ ಬರೆದದ್ದು ಉಪಯೋಗಕ್ಕೆ ಬಾರದು. ಕೈ ತಾನಾಗಿ ಬಟ್ಟಲಿಗೆ ಹೋದ ಸಂದರ್ಭಗಳು ನೆನಪಿನಲ್ಲಿ ಉಳಿಯುವುದೇ ಇಲ್ಲ, ಮತ್ತು ನಮಗೆ ಬೇಕಾಗಿರುವುದು ಅವೇ.

ಅಪ್ಪಯ್ಯ ದಿನಕ್ಕೆ ಎಂಟು ಹತ್ತು ಇರಬಹುದು ಎಂದಿದ್ದರು. ಪುಸ್ತಕದಲ್ಲಿ ಮೊದಲ ದಿನ ಹದಿನೇಳು ಸಾಲುಗಳಿದ್ದವು. ಅವುಗಳಲ್ಲಿ ಆರರ ಮುಂದೆ ಆಸೆಯ ಬಲ 1 ಎಂದಿತ್ತು. ಅಂದರೆ ಆಸೆಯೇ ಇಲ್ಲದೆ ಹಾಕಿದ ಕವಳ ಆರು! ಚಹಾ ಲೋಟ ಕೆಳಗಿಟ್ಟಾಗ, ಊಟದ ಎಲೆಯಿಂದ ಎದ್ದಾಗ, ದಣಪೆ ದಾಟಿ ತೋಟಕ್ಕೆ ಇಳಿದಾಗ ಕೈ ತನ್ನಷ್ಟಕ್ಕೇ ಹೋಗಿತ್ತು.

ಮನೋವಿಜ್ಞಾನದಲ್ಲಿ ಇದಕ್ಕೆ ಅನುಬಂಧನ ಎನ್ನುತ್ತಾರೆ. ರಷ್ಯಾದ ಇವಾನ್ ಪಾವ್ಲೋವ್ ನಾಯಿಗಳ ಜೀರ್ಣಕ್ರಿಯೆಯನ್ನು ಅಭ್ಯಾಸ ಮಾಡುತ್ತಿದ್ದಾಗ, ಆಹಾರ ಬಾಯಿಗೆ ಬೀಳುವ ಮೊದಲೇ, ಅದನ್ನು ತರುವ ಆಳನ್ನು ಕಂಡರೇ ಅವು ಜೊಲ್ಲು ಸುರಿಸುತ್ತಿದ್ದುದನ್ನು ಗಮನಿಸಿದರು. ಎರಡು ಸಂಗತಿಗಳು ಮತ್ತೆ ಮತ್ತೆ ಒಟ್ಟಿಗೆ ಬಂದರೆ ಮೊದಲಿನದು ಎರಡನೆಯದರ ಸುಳಿವಾಗುತ್ತದೆ. ಮೂವತ್ತು ವರ್ಷ ಚಹಾದ ಬೆನ್ನಿಗೆ ಕವಳ ಬಂದಿದ್ದರೆ, ಚಹಾ ಲೋಟದ ತಳ ಕಂಡೊಡನೆ ದೇಹ ತಂಬಾಕಿಗೆ ಸಿದ್ಧವಾಗಿ ಕುಳಿತಿರುತ್ತದೆ. ಆಣೆಗೆ ಈ ವಿಷಯ ಗೊತ್ತಿರುವುದಿಲ್ಲ.

ಎಚ್ಚರಿಕೆ: ಬರೆಯುತ್ತಿದ್ದ ಹಾಗೆ "ಇಂದು ಐದೇ ಸಾಕು" ಎಂಬ ಉತ್ಸಾಹ ಬರುತ್ತದೆ. ತಡೆಯಿರಿ. ಈಗ ಕಡಿಮೆ ಮಾಡಿದರೆ ಯಾವ ಸುಳಿವು ಎಷ್ಟು ಬಲವಾಗಿದೆ ಎಂಬುದು ಮರೆಯಾಗಿ, ಮುಂದಿನ ಹಂತಗಳಿಗೆ ಆಧಾರವೇ ಇಲ್ಲದಂತಾಗುತ್ತದೆ.

ಹಂತ 3: ಎಂಟನೆಯ ದಿನ, ಸುಳಿವುಗಳನ್ನು ಮೂರು ರಾಶಿ ಮಾಡಿ

ಚಾಲಿ ಅಡಿಕೆ ಆರಿಸುವಷ್ಟೇ ತಾಳ್ಮೆಯಿಂದ ಪುಸ್ತಕವನ್ನು ಓದಿ. ಕಣ್ಣಿಂದ ದೂರ ಮಾಡಬಹುದಾದದ್ದು ಒಂದು ರಾಶಿ: ಜಗುಲಿಯ ಬಟ್ಟಲು, ಅಡಕತ್ತರಿ, ಸುಣ್ಣದ ಡಬ್ಬಿ, ಬೈಕಿನ ಪೆಟ್ಟಿಗೆಯಲ್ಲಿರುವ ಸಂಚಿ. ಬದಲಿಸಬಹುದಾದದ್ದು ಎರಡನೆಯದು: ಚಹಾ ಕುಡಿಯುವ ಜಾಗ, ಊಟದ ನಂತರ ಕೂರುವ ಕುರ್ಚಿ, ಪೇಟೆಗೆ ಹೋದಾಗ ನಿಲ್ಲುವ ಅಂಗಡಿ. ತಪ್ಪಿಸಲಾಗದ್ದು ಮೂರನೆಯದು: ಅಡಿಕೆ ಸುಲಿಯುವ ರಾತ್ರಿಗಳು, ತಾಳಮದ್ದಳೆ, ಶ್ರಾದ್ಧದ ಊಟ, ಕರಾವಳಿಯವರಿಗೆ ದೋಣಿಯ ಮೇಲಿನ ರಾತ್ರಿ.

ಮೊದಲ ರಾಶಿಯನ್ನು ಅಂದೇ ಖಾಲಿ ಮಾಡಿ. ನೆಂಟರಿಗಾಗಿ ಬಟ್ಟಲು ಇಡಲೇಬೇಕಾದರೆ ಅದು ಅಡುಗೆಮನೆಯ ನಾಗಂದಿಗೆಯ ಮೇಲಿರಲಿ, ಬೇರೆಯವರು ತಂದುಕೊಡಲಿ, ಹಿಂದಕ್ಕೂ ಒಯ್ಯಲಿ. ಎರಡನೆಯ ರಾಶಿಯಲ್ಲಿ ಚಿಕ್ಕ ಬದಲಾವಣೆಯೂ ದೊಡ್ಡ ಕೆಲಸ ಮಾಡುತ್ತದೆ. ಅಪ್ಪಯ್ಯ ಚಹಾವನ್ನು ಜಗುಲಿಯಿಂದ ಹಿತ್ತಲಿನ ಕಟ್ಟೆಗೆ ಒಯ್ದರು, ಸ್ಟೀಲಿನ ಲೋಟ ಬಿಟ್ಟು ಪಿಂಗಾಣಿ ಕಪ್ಪು ಹಿಡಿದರು. ಜಾಗದ ಬಲ ಸಣ್ಣದಲ್ಲ. ವಿಯೆಟ್ನಾಂ ಯುದ್ಧದಲ್ಲಿ ಹೆರಾಯಿನ್ ಚಟಕ್ಕೆ ಬಿದ್ದಿದ್ದ ಅಮೆರಿಕದ ಸೈನಿಕರನ್ನು 1970ರ ದಶಕದಲ್ಲಿ ಲೀ ರಾಬಿನ್ಸ್ ಎಂಬ ಸಂಶೋಧಕಿ ಊರಿಗೆ ಮರಳಿದ ಮೇಲೆ ಹಿಂಬಾಲಿಸಿ ನೋಡಿದರು. ಬಹುಪಾಲು ಜನ ಮತ್ತೆ ಚಟಕ್ಕೆ ಬಿದ್ದಿರಲಿಲ್ಲ. ಅದಕ್ಕೆ ಕಾರಣಗಳು ಹಲವು, ಹಳೆಯ ಸುಳಿವುಗಳೆಲ್ಲ ದೂರದ ದೇಶದಲ್ಲೇ ಉಳಿದದ್ದೂ ಅವುಗಳಲ್ಲಿ ಒಂದು. ನಾವು ಊರು ಬಿಡಲಾರೆವು, ಕುರ್ಚಿ ಬದಲಿಸಬಲ್ಲೆವು.

ಮೂರನೆಯ ರಾಶಿಗೆ ಈಗ ಕೈ ಹಾಕಬೇಡಿ. ಅದು ಐದನೆಯ ಹಂತಕ್ಕೆ ಇರಲಿ.

ಹಂತ 4: ಒಂಬತ್ತನೆಯ ದಿನ, ಕವಳ ಏನು ಕೊಡುತ್ತಿತ್ತು ಎಂದು ಕೇಳಿಕೊಳ್ಳಿ

ಯಾವ ನಡತೆಯೂ ಪ್ರತಿಫಲವಿಲ್ಲದೆ ಉಳಿಯುವುದಿಲ್ಲ. ಮಾಡಿದ ಕೆಲಸದ ಬೆನ್ನಿಗೆ ಹಿತವಾದದ್ದು ಸಿಕ್ಕಿದರೆ ಆ ಕೆಲಸ ಮರುಕಳಿಸುತ್ತದೆ. ಇದಕ್ಕೆ ಪುನರ್ಬಲನ ಎಂದು ಹೆಸರು. ಕವಳ ಕೊಡುವುದು ಒಂದನ್ನಲ್ಲ. ತಂಬಾಕಿನ ಅಮಲು, ಬಾಯಿಗೆ ಕೆಲಸ, ದುಡಿಮೆಯ ನಡುವೆ ಕೂರಲು ನೆಪ, ನಾಲ್ಕು ಜನರ ಜೊತೆ. ಪ್ರತಿ ಸಾಲಿನ ಮುಂದೆ ಇವುಗಳಲ್ಲಿ ಯಾವುದು ಎಂದು ಬರೆಯಿರಿ.

ಅಮಲಿನ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ಹಳೆಯ ಚಟದವರಿಗೆ ಕವಳದಿಂದ ಸಿಗುವುದು ಬಹುಪಾಲು ಸುಖವಲ್ಲ, ಶಮನ. ಹಿಂದಿನ ಕವಳದ ನಿಕೋಟಿನ್ ಇಳಿಯುತ್ತಿದ್ದಂತೆ ತಲೆ ಭಾರ, ಸಿಡುಕು ಬರುತ್ತದೆ. ಮುಂದಿನ ಕವಳ ಅದನ್ನು ತೆಗೆಯುತ್ತದೆ. ಕಿರಿಕಿರಿ ಹೋಯಿತು ಎಂಬುದೇ ಪ್ರತಿಫಲ. ಇದನ್ನು ಋಣಾತ್ಮಕ ಪುನರ್ಬಲನ ಎನ್ನುತ್ತಾರೆ. ಶಿಕ್ಷೆ ಎಂಬ ಅರ್ಥದಲ್ಲಿ ಇದನ್ನು ಬಳಸುವುದು ತಪ್ಪು. ಶಿಕ್ಷೆ ನಡತೆಯನ್ನು ಕುಗ್ಗಿಸುತ್ತದೆ, ಇದು ಬೆಳೆಸುತ್ತದೆ. "ಕವಳ ಹಾಕಿದರೆ ತಲೆ ಓಡುತ್ತದೆ" ಎನ್ನುವವರು ಇದನ್ನೊಮ್ಮೆ ಯೋಚಿಸಬೇಕು. ತಲೆ ನಿಲ್ಲಿಸಿದ್ದೂ ಅದೇ.

ಈಗ ಬದಲಿಗಳನ್ನು ಹುಡುಕಿ. ಬಾಯಿಯ ಕೆಲಸಕ್ಕೆ ಡಬ್ಬಿಯಲ್ಲಿ ನೆಲ್ಲಿಚೆಟ್ಟು (ಒಣಗಿಸಿದ ನೆಲ್ಲಿಕಾಯಿ), ಲವಂಗ, ಏಲಕ್ಕಿ, ಒಣಶುಂಠಿಯ ಚೂರು ತುಂಬಿ. ಊಟವಾದ ಮೇಲೆ ಮುರುಗಲಿನ ನೀರು ಅಥವಾ ಒಂದು ತುಂಡು ಬೆಲ್ಲ ಒಳ್ಳೆಯದು. ಬಾಯಿಯಲ್ಲಿ ಉರಿ ಇರುವವರು ಶುಂಠಿ, ಲವಂಗ ಬಿಟ್ಟು ಏಲಕ್ಕಿ ಇಟ್ಟುಕೊಳ್ಳಲಿ. ಕೂರುವ ನೆಪಕ್ಕೆ ನೆಪವಿಲ್ಲದೆಯೇ ಕುಳಿತುಕೊಳ್ಳಿ, ಹತ್ತು ನಿಮಿಷ, ಗಡಿಯಾರ ನೋಡಿ. ಜೊತೆ ಬೇಕಾದರೆ ಬಾಯಲ್ಲಿ ಡಬ್ಬಿಯದನ್ನು ಹಾಕಿಕೊಂಡು ಅದೇ ಜಗುಲಿಗೆ ಹೋಗಿ, ಆದರೆ ಮೊದಲ ಎರಡು ವಾರ ಬಿಟ್ಟು. ಅಡಿಕೆ ಇಲ್ಲದ ಪಾನ್ ಮಸಾಲೆ ಎಂದು ಮಾರುವ ಪೊಟ್ಟಣಗಳನ್ನು ಮುಟ್ಟಬೇಡಿ. ಅದೇ ಸದ್ದು, ಅದೇ ಹರಿಯುವ ಕೈ, ಅದೇ ಸುಳಿವು.

ಹಂತ 5: ಹತ್ತನೆಯ ದಿನ, "ಹೀಗಾದರೆ ಹೀಗೆ" ಎಂಬ ವಾಕ್ಯಗಳು

ಮೂರನೆಯ ರಾಶಿಯ ಒಂದೊಂದಕ್ಕೂ ಒಂದು ವಾಕ್ಯ ಬರೆಯಿರಿ. "ಭಾವ ಬಟ್ಟಲು ಮುಂದಿಟ್ಟರೆ, ಕೈ ಮುಗಿದು ಬಾಯಿಗೆ ಏಲಕ್ಕಿ ಹಾಕಿಕೊಳ್ಳುತ್ತೇನೆ." "ತಾಳಮದ್ದಳೆಯಲ್ಲಿ ನಿದ್ದೆ ಬಂದರೆ, ಎದ್ದು ಮುಖ ತೊಳೆದು ಬರುತ್ತೇನೆ." "ಎಚ್ಚರವಾಗಿರುತ್ತೇನೆ", "ಮನಸ್ಸು ಗಟ್ಟಿ ಮಾಡುತ್ತೇನೆ" ಎಂದು ಬರೆದರೆ ಪ್ರಯೋಜನವಿಲ್ಲ, ಅದರಲ್ಲಿ ಕೈಗೆ ಮಾಡಲು ಏನೂ ಇಲ್ಲ. ಬರೆದ ಮೇಲೆ ಗಟ್ಟಿಯಾಗಿ ಹೇಳಿ, ಮಾಡಿಯೂ ನೋಡಿ. ನಾನು ಬಟ್ಟಲು ಹಿಡಿದು ಅಪ್ಪಯ್ಯನ ಮುಂದೆ ಐದು ಸಲ ಹೋದೆ. ಐದು ಸಲವೂ ಅವರು ಕೈ ಮುಗಿದು ಡಬ್ಬಿ ತೆಗೆದರು.

ಹಂತ 6: ಹನ್ನೊಂದನೆಯ ದಿನ ಮತ್ತು ಮೊದಲ ಮೂರು ವಾರ

ಈ ದಿನ ಯಾವಾಗ ಬೀಳಬೇಕೆಂದು ಹಿಂದಿನಿಂದ ಲೆಕ್ಕ ಹಾಕಿ ಬರೆಯಲು ಶುರು ಮಾಡಿ. ಅಡಿಕೆ ಸುಲಿಯುವ ದಿನಗಳಲ್ಲಿ, ಮನೆಯಲ್ಲಿ ಮದುವೆ ಇರುವಾಗ, ಶಿರಸಿಯಲ್ಲಿ ಜಾತ್ರೆ ನಡೆಯುವಾಗ ಬೇಡ. ಕಾರವಾರ, ಅಂಕೋಲಾ, ಕುಮಟಾ ಕಡೆ ಯಾಂತ್ರಿಕ ದೋಣಿಗಳಲ್ಲಿ ದುಡಿಯುವವರಿಗೆ ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದ ಕಾಲ ಒಳ್ಳೆಯದು. ದೋಣಿ ದಡದಲ್ಲಿದ್ದರೆ ಸುಳಿವೂ ದಡದಲ್ಲಿರುತ್ತದೆ. ಆದರೆ ಆಗಸ್ಟಿನ ಮೊದಲ ರಾತ್ರಿ ಕಡಲಿಗಿಳಿಯುವಾಗ ಡಬ್ಬಿ ಜೊತೆಗಿರಲಿ, ಹಳೆಯ ಆಸೆ ದೋಣಿಯ ಮೇಲೆ ಕಾದಿರುತ್ತದೆ.

ಸಿಡುಕು, ನಿದ್ರೆ ಕೆಡುವುದು, ಮಲಬದ್ಧತೆ, ಹೆಚ್ಚು ಹಸಿವು, ಇವು ಸಾಮಾನ್ಯವಾಗಿ ಎರಡನೆಯ ಮೂರನೆಯ ದಿನ ಜೋರಾಗಿದ್ದು ಎರಡರಿಂದ ನಾಲ್ಕು ವಾರಗಳಲ್ಲಿ ಇಳಿಯುತ್ತವೆ. ಒಂದೊಂದು ಆಸೆಯ ಅಲೆ ಕೆಲವೇ ನಿಮಿಷ ನಿಲ್ಲುತ್ತದೆ. ಎದ್ದೊಡನೆ ಕವಳ ಬೇಕಾಗುವಷ್ಟು ಚಟವಿದ್ದವರು ವೈದ್ಯರನ್ನು ಕೇಳಿ ನಿಕೋಟಿನ್ ಗಮ್ ತೆಗೆದುಕೊಳ್ಳಬಹುದು. ಹೃದಯದ ತೊಂದರೆ ಇರುವವರು, ಗರ್ಭಿಣಿಯರು ಕೇಳದೆ ತೆಗೆದುಕೊಳ್ಳಬಾರದು. ನಮ್ಮ ಕಡೆಯವರು ಇಲ್ಲಿ ಮಾಡುವ ತಪ್ಪೆಂದರೆ ಗಮ್ಮನ್ನೂ ಕವಳದಂತೆ ಬಿಡದೆ ಜಗಿಯುವುದು. ಆಗ ಬಿಕ್ಕಳಿಕೆ, ಹೊಟ್ಟೆ ತೊಳಸುವುದು ಬರುತ್ತದೆ. ಚುರುಗುಟ್ಟುವವರೆಗೆ ನಿಧಾನ ಜಗಿದು, ಕೆನ್ನೆಯ ಸಂದಿಯಲ್ಲಿ ಸುಮ್ಮನೆ ಇಟ್ಟು, ಚುರುಕು ಇಳಿದ ಮೇಲೆ ಮತ್ತೆ ಎರಡು ಸಲ ಜಗಿಯಬೇಕು. ಅರ್ಧ ಗಂಟೆ ಹೀಗೆ. ಅದಕ್ಕೆ ಕಾಲು ಗಂಟೆ ಮೊದಲಿನಿಂದ ಕಾಫಿ, ಹುಳಿ ಪಾನಕ ಕುಡಿಯಬಾರದು. ತಂಬಾಕು ಬಿಡಿಸುವ ಉಚಿತ ರಾಷ್ಟ್ರೀಯ ಸಹಾಯವಾಣಿ 1800-11-2356 ತಂಬಾಕಿನ ಪೊಟ್ಟಣದ ಮೇಲೆಯೇ ಅಚ್ಚಾಗಿದೆ. ನಾಚಿಕೆಪಡದೆ ಕರೆ ಮಾಡಿ.

ಇನ್ನು "ವಾರಕ್ಕೊಂದೇ ಒಂದು" ಎಂಬ ಮಾತು. ಇದನ್ನು ನಾನು ಒತ್ತಿ ಹೇಳುತ್ತೇನೆ: ಅದು ಪೂರ್ತಿ ಚಟಕ್ಕಿಂತ ಗಟ್ಟಿಯಾದ ಚಟವನ್ನು ಕಟ್ಟುತ್ತದೆ. ಕಾರವಾರದ ಕಡಲಂಚಿನ ಬಂಡೆಗಳ ಮೇಲೆ ಗಾಳ ಹಿಡಿದು ಕೂತವರನ್ನು ನೋಡಿ. ಮೀನು ಯಾವಾಗ ಕಚ್ಚುತ್ತದೆಂದು ಗೊತ್ತಿಲ್ಲ, ಆದ್ದರಿಂದಲೇ ಅವರು ಏಳುವುದಿಲ್ಲ. ಅದೇ ಮನುಷ್ಯ, ದಿನವೂ ತೆರೆದಿರುತ್ತಿದ್ದ ಅಂಗಡಿ ನಾಲ್ಕು ದಿನ ಮುಚ್ಚಿದ್ದರೆ ಐದನೆಯ ದಿನ ಆ ಕಡೆ ಹೋಗುವುದಿಲ್ಲ. ಅಮೆರಿಕದ ಮನೋವಿಜ್ಞಾನಿ ಬಿ. ಎಫ್. ಸ್ಕಿನ್ನರ್ ಪಾರಿವಾಳಗಳಲ್ಲಿ ಕಂಡದ್ದೂ ಇದನ್ನೇ. ಕುಕ್ಕಿದಾಗಲೆಲ್ಲ ಕಾಳು ಸಿಗುತ್ತಿದ್ದ ಹಕ್ಕಿ, ಕಾಳು ನಿಂತ ಮೇಲೆ ಬೇಗ ಕುಕ್ಕುವುದನ್ನು ಬಿಟ್ಟಿತು. ಲೆಕ್ಕವಿಲ್ಲದೆ ಯಾವಾಗಲೋ ಒಮ್ಮೆ ಕಾಳು ಪಡೆದಿದ್ದ ಹಕ್ಕಿ ಬಹಳ ಹೊತ್ತು ಕುಕ್ಕುತ್ತಲೇ ಇತ್ತು. ಯಾವಾಗಲೋ ಒಮ್ಮೆ ಹಾಕುವ ಕವಳ ನಿಮ್ಮ ಆಸೆಯನ್ನು ಗಾಳ ಹಿಡಿದು ಕೂರಿಸುತ್ತದೆ. ಅಂಗಡಿ ಪೂರ್ತಿ ಮುಚ್ಚಿ.

ಹಂತ 7: ಬಹುಮಾನ ಅಂದಂದೇ ಸಿಗಲಿ

ಕ್ಯಾನ್ಸರ್ ಬಾರದಿರುವುದು ದೊಡ್ಡ ಲಾಭವೇ, ಆದರೆ ಅದು ಹತ್ತಾರು ವರ್ಷ ದೂರದಲ್ಲಿದೆ. ಕವಳದ ಹಿತ ಅರೆಕ್ಷಣದಲ್ಲಿ ಬರುತ್ತದೆ. ದೂರದ ದೊಡ್ಡದು ಹತ್ತಿರದ ಚಿಕ್ಕದರ ಎದುರು ಸೋಲುತ್ತದೆ. ಆದ್ದರಿಂದ ಹತ್ತಿರದಲ್ಲೇ ಏನಾದರೂ ಇಡಿ. ದಿನದ ಕವಳದ ಖರ್ಚನ್ನು ರಾತ್ರಿ ಗಾಜಿನ ಭರಣಿಗೆ ಹಾಕಿ, ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ಜೊತೆಗಾರರು ಎದುರಿಗಿರಲಿ. ಅಮೆರಿಕದ ವರ್ಮಾಂಟ್ ವಿಶ್ವವಿದ್ಯಾಲಯದಲ್ಲಿ 1990ರ ದಶಕದಲ್ಲಿ ಕೊಕೇನ್ ಚಟದವರಿಗೆ, ಮೂತ್ರ ಪರೀಕ್ಷೆಯಲ್ಲಿ ಮಾದಕವಸ್ತು ಕಾಣದಿದ್ದಾಗಲೆಲ್ಲ ಸಾಮಾನು ಕೊಳ್ಳುವ ಚೀಟಿ ಕೊಟ್ಟರು. ಸತತವಾಗಿ ಗೆದ್ದರೆ ಚೀಟಿಯ ಮೌಲ್ಯ ಏರುತ್ತಿತ್ತು, ತಪ್ಪಿದರೆ ಮೊದಲಿನ ಮೊತ್ತಕ್ಕೆ ಇಳಿಯುತ್ತಿತ್ತು. ಮಾತಿನ ಸಲಹೆ ಮಾತ್ರ ಪಡೆದವರಿಗಿಂತ ಇವರು ಹೆಚ್ಚು ದಿನ ತಡೆದರು. ಭರಣಿಗೂ ಇದನ್ನೇ ಅನ್ವಯಿಸಿ. ವಾರ ಕಳೆದಂತೆ ಮನೆಯವರು ಹತ್ತು ರೂಪಾಯಿ ಸೇರಿಸಲಿ.

ಸುಮಾರು ಒಂದು ತಿಂಗಳಾದ ಮೇಲೆ ಹಣವನ್ನು ನಿಧಾನವಾಗಿ ಹಿಂದಕ್ಕೆ ಸರಿಸಿ. ಅಷ್ಟರಲ್ಲಿ ಸ್ವಂತ ಕಾರಣವೊಂದು ನಿಂತಿರಬೇಕು. ಅಭಿಪ್ರೇರಣೆಯನ್ನು ಅಭ್ಯಾಸ ಮಾಡಿದ ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಹೇಳುವಂತೆ, ತಾನೇ ಆರಿಸಿಕೊಂಡೆ, ನನ್ನಿಂದ ಆಗುತ್ತದೆ, ನನ್ನವರು ಜೊತೆಗಿದ್ದಾರೆ ಎಂಬ ಮೂರು ಭಾವನೆಗಳಿದ್ದಲ್ಲಿ ಪ್ರಯತ್ನ ಉಳಿಯುತ್ತದೆ. "ಮಗ ಹೇಳಿದ, ಅದಕ್ಕೆ ಬಿಟ್ಟೆ" ಎನ್ನುವವರು ಮಗನ ಮೇಲೆ ಕೋಪ ಬಂದ ದಿನ ಮತ್ತೆ ಹಾಕುತ್ತಾರೆ. ಅಪ್ಪಯ್ಯನ ಕಾರಣ ಬಹಳ ಚಿಕ್ಕದಿತ್ತು: ಮಾವಿನಕಾಯಿಯ ಅಪ್ಪೆಹುಳಿಯನ್ನು ಬಾಯಿ ಉರಿಯಿಲ್ಲದೆ ಕುಡಿಯಬೇಕು. ಅದು ಅವರದೇ ಆಗಿತ್ತು, ಆದ್ದರಿಂದ ನಿಂತಿತು.

ಹಂತ 8: ಮನೆಯವರು ಮಾಡಬಾರದ್ದು

ಬಾಯಿ ಮೂಸಿ ನೋಡಬೇಡಿ. ನೆಂಟರೆದುರು ಹಂಗಿಸಬೇಡಿ. ಬೈಗುಳದ ಶಿಕ್ಷೆ ಕವಳವನ್ನು ನಿಲ್ಲಿಸುವುದಿಲ್ಲ, ತೋಟಕ್ಕೆ ಕಳಿಸುತ್ತದೆ. ಬಚ್ಚಿಟ್ಟು ತಿನ್ನುವುದನ್ನು ಕಲಿತವರನ್ನು ಮರಳಿ ಈ ದಾರಿಗೆ ತರುವುದು ಬಹಳ ಕಷ್ಟ. ಇನ್ನೊಂದು, ಜಾರಿದ ದಿನ ಮಾತ್ರ ಮನೆಯವರೆಲ್ಲ ಸುತ್ತ ಕೂತು ಮಾತನಾಡಿಸಿ, ಗೆದ್ದ ದಿನ ಯಾರೂ ತಿರುಗಿ ನೋಡದಿದ್ದರೆ, ಜಾರುವುದಕ್ಕೇ ಪುನರ್ಬಲನ ಕೊಟ್ಟಂತಾಗುತ್ತದೆ. ಗೆದ್ದ ದಿನ ಕೂತು ಮಾತನಾಡಿ. ಈ ಹಂತ ಗಂಡಸರ ಕವಳಕ್ಕೆ ಮಾತ್ರವಲ್ಲ. ಅಡುಗೆಮನೆಯಲ್ಲಿ ಸದ್ದಿಲ್ಲದೆ ಕವಳ ಹಾಕುವ ಅಜ್ಜಿಯರು, ಅತ್ತೆಯರು ನಮ್ಮಲ್ಲಿ ಎಷ್ಟೋ ಜನ ಇದ್ದಾರೆ, ಅವರ ಬಾಯಿಯನ್ನು ಯಾರೂ ನೋಡುವುದೇ ಇಲ್ಲ.

ಹಂತ 9: ಹೋದ ಆಸೆ ಮರಳಿದಾಗ

ಪ್ರತಿಫಲ ನಿಂತ ಮೊದಮೊದಲು ಆಸೆ ಇನ್ನಷ್ಟು ಕೆರಳುತ್ತದೆ. ಅದು ಸೋಲುತ್ತಿರುವ ಲಕ್ಷಣವಲ್ಲ. ಪಾವ್ಲೋವ್ ಮತ್ತೊಂದನ್ನೂ ಗಮನಿಸಿದ್ದರು: ಅಳಿಸಿಹೋಯಿತು ಎಂದುಕೊಂಡ ಪ್ರತಿಕ್ರಿಯೆ ಬಿಡುವಿನ ನಂತರ ತಾನಾಗಿ ಮರಳುತ್ತದೆ. ತಿಂಗಳುಗಟ್ಟಲೆ ಶಾಂತವಾಗಿದ್ದವರಿಗೆ ಒಂದು ಸಂಜೆ ಏಕಾಏಕಿ ಬಾಯೂರುವುದು ಹೀಗೆಯೇ. ಹಳೆಯ ಕಲಿಕೆ ಒರೆಸಿಹೋಗಿರುವುದಿಲ್ಲ, ಅದರ ಮೇಲೆ ಹೊಸದೊಂದು ಕೂತಿರುತ್ತದೆ.

ಹೊಸ ರೂಢಿ ಕೂರಲು 21 ದಿನ ಎಂಬ ಮಾತನ್ನು ನಂಬಬೇಡಿ. ಲಂಡನ್ನಿನಲ್ಲಿ 96 ಜನರ ಮೇಲೆ ನಡೆದು 2010ರಲ್ಲಿ ಅಚ್ಚಾದ ಅಧ್ಯಯನದಲ್ಲಿ, ನೀರು ಕುಡಿಯುವುದು, ಹಣ್ಣು ತಿನ್ನುವುದು ಮೊದಲಾದ ಸರಳ ರೂಢಿಗಳು ತಾನಾಗಿ ನಡೆಯುವಂತಾಗಲು ಹಿಡಿದ ನಡುಮಟ್ಟದ ಅವಧಿ 66 ದಿನ, ವ್ಯಾಪ್ತಿ 18ರಿಂದ 254 ದಿನ. ಒಂದು ದಿನ ತಪ್ಪಿದರೆ ರೂಢಿ ಕೆಡಲಿಲ್ಲ ಎಂದೂ ಅದರಲ್ಲಿತ್ತು. ಏಲಕ್ಕಿ ಹಾಕಲು ಮರೆತ ದಿನಕ್ಕೆ ಆ ಸಮಾಧಾನ ಇರಲಿ, ತಂಬಾಕಿಗೆ ಬೇಡ. ಜಾರಿದರೆ ಮತ್ತೆ ಆಣೆ ಹಾಕಲು ಹೋಗಬೇಡಿ. ಪುಸ್ತಕ ತೆಗೆದು ಆ ಸಾಲು ಬರೆಯಿರಿ: ಎಲ್ಲಿ, ಯಾರ ಜೊತೆ, ಯಾವ ಕೆಲಸದ ನಂತರ. ಆ ಸುಳಿವು ನಿಮ್ಮ ಮೂರು ರಾಶಿಗಳಲ್ಲಿ ಇರಲಿಲ್ಲ, ಈಗ ಸೇರಿಸಿ, ಅದಕ್ಕೊಂದು ವಾಕ್ಯ ಬರೆದು ಮಾರನೆಯ ದಿನವೇ ಮುಂದುವರಿಯಿರಿ.

ಅಪ್ಪಯ್ಯ ಬಿಟ್ಟದ್ದು ಚೈತ್ರದಲ್ಲಿ. ಮಾರ್ಗಶಿರದಲ್ಲಿ ಅಡಿಕೆ ಕೊನೆ ಇಳಿದು ಅಂಗಳದಲ್ಲಿ ಮೆಟ್ಟುಗತ್ತಿಗಳು ಸಾಲಾಗಿ ಕೂತ ರಾತ್ರಿ, ಸಿಪ್ಪೆ ಸೀಳುವ ಸದ್ದು ಕಿವಿಗೆ ಬಿದ್ದ ಕೂಡಲೇ ಅವರ ಕೈ ಸೊಂಟದ ಸಂಚಿಗೆ ಹೋಯಿತು. ಸಂಚಿ ಇರಲಿಲ್ಲ. ಜೇಬಿನಿಂದ ಡಬ್ಬಿ ತೆಗೆದು ನೆಲ್ಲಿಚೆಟ್ಟು ಬಾಯಿಗೆ ಹಾಕಿ, ಪುಸ್ತಕ ಬಿಡಿಸಿದರು. "ರಾತ್ರಿ 8, ಅಂಗಳ, ಅಡಿಕೆ ಸುಲಿಯುವಾಗ, ಆಸೆ 5." ಮರುರಾತ್ರಿಯೂ 5. ಮೂರನೆಯದಕ್ಕೆ 4. ಅಂಗಳದ ರಾಶಿ ಕರಗಿ ಕೊನೆಯ ಬುಟ್ಟಿ ಸುಲಿದ ಹನ್ನೆರಡನೆಯ ರಾತ್ರಿಯ ಸಾಲಿನಲ್ಲಿ 2 ಎಂದಿದೆ.